ನಡುವಿನ ಊರುಗಳಿಲ್ಲದ ದಾರಿ

ಎಚ್.ಎ.ಎಲ್. ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ದೊಡ್ಡನೆಕ್ಕುಂದಿಯ ನಮ್ಮ ತಾರಸಿಯಿಂದ ಕಾಣುತ್ತಿದ್ದವು. 2006ರಲ್ಲಿ ಅಮ್ಮ ತೀರಿಕೊಂಡಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಅಕ್ಕ ಸಿಕ್ಕಿದ ಟಿಕೆಟ್ ಹಿಡಿದು, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಬಂದಳು. ಅಷ್ಟರಲ್ಲಿ ಮೂರನೇ ದಿನದ ಹಾಲುತುಪ್ಪವೂ ಮುಗಿದಿತ್ತು. 'ಒಂದು ದಿನ ಕಾಯಬಾರದಿತ್ತಾ?' ಎಂದು ಅಕ್ಕ ಒಮ್ಮೆ ಮಾತ್ರ ಕೇಳಿದಳು. ಅಪ್ಪ ಉತ್ತರ ಕೊಡಲಿಲ್ಲ.

ಅಂದಿನಿಂದ ನನಗೆ ವಿಮಾನಯಾನದ ಚರಿತ್ರೆ ಎಂದರೆ ನಡುವೆ ಇಳಿಯಬೇಕಾದ ಊರುಗಳ ಚರಿತ್ರೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು. ದಾರಿಯಲ್ಲಿ ಇಳಿದ ಊರು ನಮ್ಮ ಬಳ್ಳಾರಿ. 1948ರ ಜೂನ್‌ನಲ್ಲಿ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಲಂಡನ್ನಿಗೆ ಹಾರಿದಾಗ ಕೈರೋ, ಜಿನೀವಾಗಳಲ್ಲಿ ನಿಂತಿತ್ತು. ವಿಮಾನ ಹೊರಬಲ್ಲ ಇಂಧನ ಹೆಚ್ಚಿದಂತೆಲ್ಲ ಈ ಊರುಗಳು ಒಂದೊಂದಾಗಿ ದಾರಿಯಿಂದ ಜಾರಿದವು.

ಬೆಂಗಳೂರಿನ ಪಾಲಿಗೆ ಆ ದಿನ ಬಂದದ್ದು 2021ರ ಜನವರಿಯಲ್ಲಿ. ಅಷ್ಟರಲ್ಲಿ ನಾಗರಿಕ ವಿಮಾನಗಳು ಎಚ್.ಎ.ಎಲ್. ಬಿಟ್ಟು ದೇವನಹಳ್ಳಿಗೆ ಹೋಗಿ ಹನ್ನೆರಡು ವರ್ಷ ದಾಟಿತ್ತು. 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ಎಲ್ಲಿಯೂ ಇಳಿಯದೆ 11ರ ನಸುಕಿಗೆ ಬೆಂಗಳೂರು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ನೇರ ದೂರ 13,993 ಕಿ.ಮೀ., ಸಮಯ ಸುಮಾರು 17 ಗಂಟೆ.

ಗೋಡೆಯ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟರೆ ಈ ದಾರಿ ಪೆಸಿಫಿಕ್ ಸಾಗರದ ಮೇಲೆ ಸಾಗಿ 16,000 ಕಿ.ಮೀ. ಮೀರುತ್ತದೆ. ಭೂಗೋಳದ ಗುಂಡಿಗೆ ದಾರ ಹಿಡಿದು ನೋಡಿ, ದಾರ ಉತ್ತರಧ್ರುವದ ಕಡೆಗೆ ಬಾಗುತ್ತದೆ. ಆ ವಿಮಾನ ಬಂದದ್ದೂ ಧ್ರುವದ ಮೇಲಿಂದಲೇ. ಆದರೆ ದಾರವೇ ಕೊನೆಯ ಮಾತಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ನೆರವು ಸಿಗುವುದಾದರೆ ಪೈಲಟ್‌ಗಳು ಉದ್ದದ ದಾರಿಯನ್ನೇ ಹಿಡಿಯುತ್ತಾರೆ. ಆಕಾಶಕ್ಕೂ ಗಡಿಗಳಿವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹಾರುವವರ ಪ್ರಯಾಣ ಮತ್ತೆ ಲಂಬಿಸಿತು. ಭೂಮಿ ಅಷ್ಟೇ ಇತ್ತು, ದಾರಿ ಬೆಳೆದಿತ್ತು.

ಆ ಜನವರಿಯಲ್ಲಿ ಪತ್ರಿಕೆಯ ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಿದೆ. ಅವರದು ಹರದಾರಿ ಲೆಕ್ಕ. ಒಂದು ಹರದಾರಿಗೆ ಮೂರು ಮೈಲಿ ಹಿಡಿದು, ಸುಮಾರು 2,900 ಹರದಾರಿ ಎಂದೆ. ಅವರು ದೂರ ಬಿಟ್ಟು ಹೊತ್ತು ಕೇಳಿದರು.

'ಬೆಳಿಗ್ಗೆ ಸುದ್ದಿ ಮುಟ್ಟಿದ್ರೆ ಸಂಜೆಗೆ ಬರಬಹುದಾ?'

ಹದಿನೇಳು ಗಂಟೆಗೆ ಅಲ್ಲಿ ನಿಲ್ದಾಣ ಸೇರುವ ಹೊತ್ತು, ಇಲ್ಲಿ ದೇವನಹಳ್ಳಿಯಿಂದ ಟ್ರಾಫಿಕ್‌ನಲ್ಲಿ ಮನೆ ಮುಟ್ಟುವ ಹೊತ್ತು ಎಲ್ಲ ಸೇರಿಸಿದೆ.

'ಆಗಲ್ಲಪ್ಪ. ಮಾರನೇ ದಿನವೇ.'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಹಂಗಾದ್ರೆ ನನ್ನನ್ನ ಒಂದಿನ ಇಟ್ಕೊಳ್ಳಿ' ಎಂದರು.