ನಾಂದಿ ಹಾಡಿ ಒಳಗೆ ಹೋಗುವ ಸೂತ್ರಧಾರ: ಅಣ್ಣಾಸಾಹೇಬ ಕಿರ್ಲೋಸ್ಕರರ ರಂಗಜೀವನ ಕುರಿತು ಒಂದು ಟಿಪ್ಪಣಿ

1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳು ರಂಗಕ್ಕೆ ಬಂದವು. 1885ರ ನವೆಂಬರ್ 2ರಂದು ಅದರ ಕರ್ತೃ ಬಳವಂತ ಪಾಂಡುರಂಗ ಕಿರ್ಲೋಸ್ಕರರು ಹುಟ್ಟೂರಾದ ಗುರ್ಲಹೊಸೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 42 ವರ್ಷ. ಮರಾಠಿ ಸಂಗೀತ ನಾಟಕದ ಚರಿತ್ರೆಯಲ್ಲಿ ಅಣ್ಣಾಸಾಹೇಬರ ಹೆಸರು ನಿಂತಿರುವುದು ಈ ಎರಡು ತಾರೀಖುಗಳ ನಡುವಿನ ಐದು ವರ್ಷದ ದುಡಿಮೆಯ ಮೇಲೆ. ಪೂರ್ಣಗೊಂಡ ಎರಡು ನಾಟಕ, ಅರ್ಧಕ್ಕೆ ನಿಂತ ಒಂದು ನಾಟಕ, ಒಂದು ಕಂಪನಿ, ಮತ್ತು ಆ ಕಂಪನಿಯಲ್ಲಿ ಅವರೇ ವಹಿಸುತ್ತಿದ್ದ ಸೂತ್ರಧಾರನ ಪಾತ್ರ: ಒಟ್ಟು ಆಸ್ತಿ ಇಷ್ಟೇ.

ಈ ಪಟ್ಟಿಯ ಕೊನೆಯ ಬಾಬನ್ನು ವಿದ್ವಾಂಸರು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುವುದೇ ಹೆಚ್ಚು. ಮರಾಠಿಯಲ್ಲಿ ಬರೆದವರು ನಾಟಕಕಾರ ಕಿರ್ಲೋಸ್ಕರರನ್ನು ನೋಡುತ್ತಾರೆ. ಕನ್ನಡದಲ್ಲಿ ಬರೆದವರು ಬೆಳಗಾವಿ ಜಿಲ್ಲೆಯ ಕಿರ್ಲೋಸ್ಕರರನ್ನು ನೋಡುತ್ತಾರೆ. ಅವರು ನಟರಾಗಿ ಆರಿಸಿಕೊಂಡ ಆ ಪಾತ್ರದಲ್ಲೇ ಅವರ ನಾಟಕ ಕಟ್ಟುವ ಬಗೆಯ ಕೀಲಿ ಇದೆ ಎಂಬುದು ನನ್ನ ಗ್ರಹಿಕೆ. ಅದನ್ನು ತೋರಿಸಲು ಸ್ವಲ್ಪ ಹಿಂದಿನಿಂದ ಬರಬೇಕು.

ಗುರ್ಲಹೊಸೂರು ಸವದತ್ತಿ ಸೀಮೆಯ ಊರು. ಕಿರ್ಲೋಸ್ಕರರು ಅಲ್ಲಿ ಹುಟ್ಟಿದ್ದು 1843ರ ಮಾರ್ಚ್ 31ರಂದು. ಮುಂದೆ ಕಬ್ಬಿಣದ ನೇಗಿಲಿನಿಂದ ಉದ್ದಿಮೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರೂ 1869ರಲ್ಲಿ ಅದೇ ಊರಲ್ಲಿ ಹುಟ್ಟಿದವರು. ಹನ್ನೆರಡರ ವಯಸ್ಸಿನವರೆಗೆ ಬಳವಂತರಿಗೆ ಮನೆಯಲ್ಲೇ ಪಾಠ, ಅದೂ ಕನ್ನಡ ಮರಾಠಿ ಎರಡರಲ್ಲೂ. ಆಮೇಲೆ ಕೊಲ್ಲಾಪುರ, 1863ರಲ್ಲಿ ಪುಣೆ. ಓದಿನ ಕಡೆಗೆ ಮನಸ್ಸು ನಿಲ್ಲಲಿಲ್ಲ. ನಾಟಕ ಮಂಡಳಿಗಳಿಗೆ ಪದ್ಯ ಕಟ್ಟಿಕೊಡುವುದರಲ್ಲಿ ದಿನ ಕಳೆಯಿತು. 1866ರಲ್ಲಿ ‘ಭರತಶಾಸ್ತ್ರೋತ್ತೇಜಕ ಮಂಡಳಿ’ ಎಂದು ಒಂದು ತಂಡ ಕಟ್ಟಿದರು, ಅದು ಕೈಹಿಡಿಯಲಿಲ್ಲ. ಹೊಟ್ಟೆಪಾಡಿಗೆ ಮೇಷ್ಟರಾದರು, ಪೊಲೀಸ್ ಖಾತೆಯಲ್ಲಿ ಇದ್ದರು, ರೆವಿನ್ಯೂ ಕಮಿಷನರ ಕಚೇರಿ ಸೇರಿದರು. 1873ರಲ್ಲಿ ಶಂಕರಾಚಾರ್ಯರನ್ನು ಕುರಿತು ‘ಶಾಂಕರದಿಗ್ಜಯ’ ಎಂಬ ಗದ್ಯನಾಟಕ ಬರೆದರು. ಚಿತ್ತೂರಗಡದ ಮೇಲೆ ಅಲ್ಲಾವುದ್ದೀನನ ದಾಳಿಯ ಕಥೆಯನ್ನೂ ಕೈಗೆತ್ತಿಕೊಂಡಿದ್ದರು. ಇಪ್ಪತ್ತನೆಯ ವಯಸ್ಸಿನಿಂದ ಮೂವತ್ತೇಳರವರೆಗಿನ ಈ ಹದಿನೇಳು ವರ್ಷಗಳನ್ನು ನಾನು ಬರಿಗಾಲ ಎನ್ನಲಾರೆ. ಗದ್ಯನಾಟಕ ಬರೆದು ನೋಡಿದ ಕೈಯೇ ಮುಂದೆ ಹಾಡನ್ನು ಮಾತಿನ ನಡುವೆ ಹೇಗೆ ಇಡಬೇಕೆಂದು ಕಂಡುಕೊಂಡಿತು.

ಅವರು ಹುಟ್ಟಿದ ವರ್ಷವೇ, 1843ರ ನವೆಂಬರಿನಲ್ಲಿ, ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾಸ್ವಯಂವರ’ದ ಪ್ರಯೋಗ ನಡೆಯಿತು. ಅದಕ್ಕೆ ಪ್ರೇರಣೆ ಹಿಂದಿನ ವರ್ಷ ಸಾಂಗ್ಲಿಯ ದರಬಾರಿಗೆ ಬಂದು ಆಡಿ ತೋರಿಸಿದ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಎಂಬುದು ಎರಡೂ ಭಾಷೆಯ ಚರಿತ್ರಕಾರರು ಒಪ್ಪುವ ಸಂಗತಿ. ಭಾವೆಯವರ ಪದ್ಧತಿಯಲ್ಲಿ ಸೂತ್ರಧಾರ ರಂಗದ ಮೇಲೆ ಕಡೆಯವರೆಗೂ ಇರುತ್ತಾನೆ. ಹಾಡೆಲ್ಲ ಅವನದು ಮತ್ತು ಅವನ ಸಂಗಡಿಗರದು. ಪಾತ್ರಧಾರಿಗಳು ಹಾಡಿಗೆ ತಕ್ಕ ಅಭಿನಯ ಮಾಡುತ್ತಾರೆ, ಆಮೇಲೆ ಆ ಸಂದರ್ಭಕ್ಕೆ ಹೊಂದುವ ಮಾತನ್ನು ತಾವೇ ಹೊಸೆದು ಆಡುತ್ತಾರೆ. ನಮ್ಮ ಬಯಲಾಟದ ಮಾತಿನಲ್ಲಿ ಹೇಳುವುದಾದರೆ ಹಾಡು ಹಿಮ್ಮೇಳದ್ದು, ಮಾತು ಮುಮ್ಮೇಳದ್ದು. ಕಿರ್ಲೋಸ್ಕರರು ಕಂಡು ಬೆಳೆದ ಮರಾಠಿ ನಾಟಕ ಇದು.

1880ರಲ್ಲಿ, ನೌಕರಿಯ ಮೇಲೆ ಪುಣೆಯಲ್ಲಿದ್ದಾಗ, ಪಾರ್ಸಿ ಕಂಪನಿಯೊಂದು ಆಡಿದ ‘ಇಂದ್ರಸಭಾ’ವನ್ನು ಅವರು ನೋಡಿದರು. ಅಮಾನತ್ ಲಖನೌದಲ್ಲಿ ಬರೆದ ಆ ನಾಟಕದಲ್ಲಿ ಪರಿಯರೇ ಹಾಡುತ್ತಾರೆ, ದೊರೆಯೇ ಹಾಡುತ್ತಾನೆ. ಇಂಥದ್ದು ಮರಾಠಿಯಲ್ಲಿ ಏಕಾಗಬಾರದು ಎಂದು ಅವರಿಗೆ ಅನ್ನಿಸಿತಂತೆ. ಕಥೆ ಪ್ರಸಿದ್ಧ, ಅಲ್ಲಗಳೆಯುವ ಕಾರಣವೂ ಇಲ್ಲ. ಆದರೆ ‘ಇಂದ್ರಸಭಾ’ ನೋಡಿ ಬಂದವರು ಪರಿಯರ ಕಥೆಯನ್ನೇ ಮರಾಠಿಗೆ ತರಬಹುದಿತ್ತು. ಇವರು ಕಾಳಿದಾಸನ ಕಡೆಗೆ ಹೋದರು. ಏಕೆ?

ಉತ್ತರ ‘ಶಾಕುಂತಲ’ದ ಪ್ರಸ್ತಾವನೆಯಲ್ಲಿದೆ. ಕಾಳಿದಾಸನ ಮೂಲದಲ್ಲಿ ಸೂತ್ರಧಾರ ನಟಿಯನ್ನು ಕರೆದು, ಬೇಸಗೆಯ ಕುರಿತು ಹಾಡು ಅನ್ನುತ್ತಾನೆ. ಅವಳು ಹಾಡುತ್ತಾಳೆ. ಸಭೆಯೆಲ್ಲ ಚಿತ್ರದಲ್ಲಿ ಬರೆದಂತೆ ಕೂತುಬಿಡುತ್ತದೆ. ಸೂತ್ರಧಾರ ಯಾವ ನಾಟಕ ಆಡಬೇಕಾಗಿತ್ತೆಂಬುದನ್ನೇ ಮರೆಯುತ್ತಾನೆ. ನಟಿ ನೆನಪಿಸಿದಾಗ, ಓಡುವ ಜಿಂಕೆ ದುಷ್ಯಂತನನ್ನು ಎಳೆದೊಯ್ದ ಹಾಗೆ ನಿನ್ನ ಹಾಡು ನನ್ನನ್ನು ಎಳೆದೊಯ್ದಿತು ಎನ್ನುತ್ತಾನೆ. ಆ ಮಾತಿನ ಬೆನ್ನಿಗೇ ಜಿಂಕೆಯನ್ನು ಅಟ್ಟಿಕೊಂಡು ದುಷ್ಯಂತನ ರಥ ಬರುತ್ತದೆ, ಸೂತ್ರಧಾರ ಹೊರಟುಹೋಗುತ್ತಾನೆ. ಹಾಡಿನ ಬಲವನ್ನು ಇಷ್ಟು ನೇರವಾಗಿ ಕಥೆಯ ಬಾಗಿಲಲ್ಲೇ ನಿಲ್ಲಿಸಿದ ನಾಟಕ ಸಂಸ್ಕೃತದಲ್ಲಿ ನನಗೆ ಬೇರೆ ಕಂಡಿಲ್ಲ. ಹಾಡನ್ನು ಪಾತ್ರಗಳ ಬಾಯಿಗೆ ಕೊಡಬೇಕೆಂದು ಹೊರಟವರಿಗೆ ಇದಕ್ಕಿಂತ ಹದವಾದ ಪಠ್ಯ ಸಿಕ್ಕುತ್ತಿರಲಿಲ್ಲ.

ಇನ್ನು ಕಿರ್ಲೋಸ್ಕರರ ನಾಂದಿ. ಮರಾಠಿ ಸಂಗೀತ ನಾಟಕದ ಪ್ರಯೋಗಗಳಲ್ಲಿ ಇಂದಿಗೂ ಹಾಡುವ ಆ ನಾಂದಿ ಶಿವಸ್ತುತಿಯಿಂದ ತೊಡಗಿ, ವಿಘ್ನ ಕಳೆಯಲೆಂದು ಗಣಪತಿಯನ್ನು ನೆನೆದು, ಕೊನೆಗೆ ಬಂದಾಗ ಒಂದು ಅರಿಕೆಯಾಗುತ್ತದೆ: ಕವಿರಾಜ ಕಾಳಿದಾಸನು ರಚಿಸಿದ್ದನ್ನು ನಾನು ಗಾನದಲ್ಲಿ ರಚಿಸುತ್ತಿದ್ದೇನೆ. ಪುಟದ ಮೇಲೆ ಓದಿದರೆ ಇದು ಕವಿಯ ವಾಡಿಕೆಯ ವಿನಯ. ಆ ಸಾಲನ್ನು ಮೊದಲ ಪ್ರಯೋಗದಲ್ಲಿ ಹಾಡಿದ್ದು ಯಾರೆಂದು ನೆನೆದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಸೂತ್ರಧಾರನ ವೇಷದಲ್ಲಿ ನಿಂತವರು ನಾಟಕ ಬರೆದವರೇ. ಸಾಲಿನಲ್ಲಿರುವ ‘ನಾನು’ ಆ ರಾತ್ರಿ ರಂಗದ ಮೇಲೆ ಮೈತಳೆದು ನಿಂತಿತ್ತು. ಭಾವೆಯವರ ನಾಟಕಗಳನ್ನು ನೋಡಿ ರೂಢಿಯಾದ ಪ್ರೇಕ್ಷಕರು ಇನ್ನು ಈತನೇ ಬೆಳಗಿನವರೆಗೆ ಹಾಡುತ್ತಾನೆ ಎಂದುಕೊಂಡು ಕೂತಿರಬೇಕು. ಈತ ನಾಂದಿ ಹಾಡಿದ, ನಟಿಯೊಡನೆ ನಾಲ್ಕು ಮಾತಾಡಿದ, ಒಳಗೆ ಹೋದ. ಆಮೇಲೆ ಹಾಡಿದ್ದು ದುಷ್ಯಂತ, ಶಕುಂತಲೆ, ಕಣ್ವ. ಹಾಡು ಹಿಮ್ಮೇಳದಿಂದ ಮುಮ್ಮೇಳಕ್ಕೆ ಬಂದದ್ದನ್ನು ಪ್ರತಿ ಪ್ರಯೋಗದಲ್ಲೂ ನಾಟಕಕಾರ ತನ್ನ ನಿರ್ಗಮನದಿಂದಲೇ ತೋರಿಸುತ್ತಿದ್ದರು. ಈ ಪಾತ್ರವನ್ನು ಅವರು ತಮಗೇ ಇಟ್ಟುಕೊಂಡದ್ದನ್ನು ನಾನು ಈ ಅರ್ಥದಲ್ಲಿ ಓದುತ್ತೇನೆ.

ಹಾಡು ಯಾರ ಬಾಯಿಗೆ ಹೋಯಿತು ಎಂಬುದಷ್ಟೇ ಮುಖ್ಯ ಅದು ಎಂಥ ಹಾಡು ಎಂಬುದು. ‘ಶಾಕುಂತಲ’ದಲ್ಲಿ ಸುಮಾರು ಇನ್ನೂರು ಪದಗಳಿವೆ. ಅಚ್ಚಾದ ಪುಸ್ತಕದ ಯಾವ ಪುಟ ತೆರೆದರೂ ಪದದ ತಲೆಯ ಮೇಲೆ ಅದರ ಜಾತಿ ಬರೆದಿರುತ್ತದೆ: ಸಾಕಿ, ದಿಂಡಿ, ಓವಿ, ಕಾಮದಾ, ಅಂಜನೀಗೀತ. ಉಳಿದವಕ್ಕೆ ‘ಚಾಲ್’ ಎಂದು ಬರೆದು, ಜನಕ್ಕೆ ಗೊತ್ತಿರುವ ಬೇರೊಂದು ಹಾಡಿನ ಮೊದಲ ಶಬ್ದಗಳನ್ನು ಕೊಟ್ಟಿರುತ್ತಾರೆ. ನಮ್ಮ ಕಂಪನಿ ನಾಟಕದ ಹಸ್ತಪ್ರತಿಗಳಲ್ಲಿ ಇಂಥ ಹಾಡಿನ ಮಟ್ಟು ಎಂದು ಬರೆಯುವುದು ಇದನ್ನೇ. ಈ ಮಟ್ಟುಗಳಲ್ಲಿ ಕೀರ್ತನಕಾರರ ಧಾಟಿ ಇದೆ, ಲಾವಣಿ ಇದೆ, ಹೆಂಗಸರು ಮನೆಯಲ್ಲಿ ಹಾಡುವ ಹಾಡಿದೆ, ಕನ್ನಡ ಪದಗಳ ಧಾಟಿಯೂ ಇದೆ. ಬಾಲ್ಯದ ಹನ್ನೆರಡು ವರ್ಷ ಗುರ್ಲಹೊಸೂರಿನಲ್ಲಿ ಕಳೆದವರ ಕಿವಿಗೆ ಕನ್ನಡದ ಮಟ್ಟು ಹೊರಗಿನದಾಗಿರಲಿಲ್ಲ, ಮನೆಯಂಗಳದ್ದಾಗಿತ್ತು. ನೆರೆಯ ಕುಲಗೋಡದ ತಮ್ಮಣ್ಣನಿಂದ ಹಬ್ಬಿದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ, ಒಟ್ಟಾರೆ ಆ ಸೀಮೆಯ ಸಣ್ಣಾಟಗಳಲ್ಲಿ, ಪಾತ್ರಗಳು ತಾವೇ ಹಾಡಿ ಕುಣಿಯುವುದು ರೂಢಿ. ಪಾರಿಜಾತವೇ ಕಿರ್ಲೋಸ್ಕರರ ಮೂಲ ಎಂದು ವಾದಿಸಲು ನಾನು ಹೊರಟಿಲ್ಲ. ‘ಇಂದ್ರಸಭಾ’ದ ಒಂದು ರಾತ್ರಿಯಿಂದಲೇ ಎಲ್ಲವೂ ಹುಟ್ಟಿತು ಎನ್ನುವವರು, ಹಾಡುವ ಪಾತ್ರವನ್ನು ಬಹಳ ಹಿಂದಿನಿಂದ ಬಲ್ಲ ನೆಲದಿಂದ ಈ ಮನುಷ್ಯ ಬಂದಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚುರಮರಿ ಶೇಷಗಿರಿರಾಯರ ಕನ್ನಡ ‘ಶಾಕುಂತಲ’ದ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಅದು ಕಿರ್ಲೋಸ್ಕರರ ನಾಟಕಕ್ಕಿಂತ ಹತ್ತು ವರ್ಷದಷ್ಟು ಮೊದಲೇ ಬಂದದ್ದು. ಶ್ಲೋಕಗಳನ್ನು ಹಾಡಬಲ್ಲ ಪದಗಳಾಗಿ ತಿರುಗಿಸಿದ್ದು. ಕಿರ್ಲೋಸ್ಕರರಿಗೆ ದಾರಿ ತೋರಿದ್ದು ಇದೇ ಎಂದು ನಮ್ಮಲ್ಲಿ ಅಭಿಮಾನದಿಂದ ಹೇಳುತ್ತಾ ಬಂದಿದ್ದೇವೆ. ಕಾಲಕ್ರಮ ಇದಕ್ಕೆ ಒಪ್ಪುತ್ತದೆ, ಕಿರ್ಲೋಸ್ಕರರು ಕನ್ನಡ ಓದಬಲ್ಲವರಾಗಿದ್ದರು ಎಂಬುದೂ ಒಪ್ಪುತ್ತದೆ. ಆದರೆ ಒಂದೇ ಮೂಲದಿಂದ ಹೊರಟ ಎರಡು ಭಾಷಾಂತರಗಳಲ್ಲಿ ಹೋಲಿಕೆ ಇರುವುದು ಸಹಜ, ಅಷ್ಟರಿಂದಲೇ ಋಣ ಸಿದ್ಧವಾಗುವುದಿಲ್ಲ. ಎರಡನ್ನೂ ಮಗ್ಗುಲಲ್ಲಿಟ್ಟು, ಕಾಳಿದಾಸನಲ್ಲಿ ಇಲ್ಲದ ಯಾವುದು ಇಬ್ಬರಲ್ಲೂ ಇದೆ ಎಂದು ಪದ ಪದವಾಗಿ ನೋಡುವುದೇ ನೇರವಾದ ದಾರಿ. ಎರಡೂ ಭಾಷೆ ಬಲ್ಲ ಎಳೆಯ ಸಂಶೋಧಕರು ಇದನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನದಿಂದ ಹಿಡಿದಿಟ್ಟಿದೆ. ಮೈಸೂರಿನ ಬಸವಪ್ಪ ಶಾಸ್ತ್ರಿಗಳೂ 1843ರಲ್ಲೇ ಹುಟ್ಟಿದವರು. ‘ಅಭಿನವ ಕಾಳಿದಾಸ’ ಎನ್ನಿಸಿಕೊಂಡ ಅವರ ‘ಕರ್ಣಾಟಕ ಶಾಕುಂತಲ ನಾಟಕ’ವೂ ಹೆಚ್ಚುಕಡಿಮೆ ಅದೇ ಹೊತ್ತಿನದು, ಚಾಮರಾಜೇಂದ್ರ ಒಡೆಯರ ಆಶ್ರಯದ ನಾಟಕ ಸಭೆಗಾಗಿ ಬರೆದದ್ದು. ಶಾಸ್ತ್ರಿಗಳು ವೃತ್ತ ಕಂದಗಳ ಗತ್ತನ್ನು ಬಿಡದೆ ಅರಮನೆಯ ಸಭೆಗೆ ಬರೆದರು. ಕಿರ್ಲೋಸ್ಕರರು ಕಚೇರಿಯ ನೌಕರಿ ಮಾಡಿಕೊಂಡು, ದುಡ್ಡು ಕೊಟ್ಟು ಒಳಬರುವ ಪ್ರೇಕ್ಷಕರಿಗಾಗಿ ಸಾಕಿ ದಿಂಡಿಗಳಲ್ಲಿ ಬರೆದರು. ಒಂದೇ ವರ್ಷ ಹುಟ್ಟಿದ ಇಬ್ಬರು, ಒಂದೇ ಮೂಲ, ಒಂದೇ ಕಾಲ. ಆಶ್ರಯ ಬದಲಾದರೆ ಪದ್ಯದ ಮೈಕಟ್ಟು ಎಷ್ಟು ಬದಲಾಗುತ್ತದೆ ಎಂದು ತಿಳಿಯಲು ಈ ಎರಡು ಶಾಕುಂತಲಗಳಿಗಿಂತ ಒಳ್ಳೆಯ ಜೋಡಿ ಸಿಗಲಾರದು.

‘ಸಂಗೀತ ಸೌಭದ್ರ’ ಬಂದದ್ದು 1882ರ ನವೆಂಬರಿನಲ್ಲಿ, ಮೊದಲು ಮೂರು ಅಂಕ. ಇದು ಭಾಷಾಂತರವಲ್ಲ. ಕಥೆ ಮಹಾಭಾರತದ ಸುಭದ್ರಾಹರಣದ್ದೇ ಆದರೂ ಅದನ್ನು ಕಟ್ಟಿದ ರೀತಿ ಪೂರ್ತಿ ಸ್ವಂತದ್ದು. ತಂಗಿಯನ್ನು ದುರ್ಯೋಧನನಿಗೆ ಕೊಡಬೇಕೆಂಬ ಬಲರಾಮನ ಹಟ, ಅರ್ಜುನನ ಸನ್ಯಾಸಿ ವೇಷ, ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವನಂತೆ ಓಡಾಡುವ ಕೃಷ್ಣ, ಅವನ ಮೇಲೆ ಮುನಿಸಿಕೊಳ್ಳುವ ರುಕ್ಮಿಣಿ: ಇದೆಲ್ಲ ಮದುವೆಯ ಮಾತುಕತೆ ನಡೆಯುತ್ತಿರುವ ಒಂದು ದೊಡ್ಡ ಮನೆಯ ಒಳಕೋಣೆಯ ಹಾಗಿದೆ. ‘ಶಾಕುಂತಲ’ದ ಕಿರ್ಲೋಸ್ಕರರು ಕಾಳಿದಾಸನ ಶ್ಲೋಕ ಇರುವಲ್ಲೆಲ್ಲ ಪದ ಕಟ್ಟುವ ಹೊಣೆ ಹೊತ್ತಿದ್ದರು. ಇಲ್ಲಿ ಆ ಹೊಣೆ ಇಲ್ಲ. ಮಾತು ಸಾಕಾಗುವಲ್ಲಿ ಮಾತು, ಮಾತು ತಡೆಯುವಲ್ಲಿ ಹಾಡು. ಎರಡರಲ್ಲಿ ದೊಡ್ಡ ಕೃತಿ ಯಾವುದೆಂದು ಕೇಳಿದರೆ ನಾನು ತಡೆಯದೆ ‘ಸೌಭದ್ರ’ ಎನ್ನುತ್ತೇನೆ.

ಇಲ್ಲಿ ಕಂಪನಿಯ ಕಂಠಗಳ ಲೆಕ್ಕವೂ ಸೇರಿದೆ. ಮೋರೋಬಾ ವಾಘೋಲೀಕರ್, ಬಾಳಕೋಬಾ ನಾಟೇಕರ್ ಇಬ್ಬರೂ ಮೊದಲಿನಿಂದ ಜೊತೆಗಿದ್ದ ಗಾಯಕನಟರು. 1882ರಲ್ಲಿ ಬಡೋದೆಯಿಂದ ಭಾವೂರಾವ್ ಕೊಲ್ಹಟಕರ್ ಎಂಬ ಹತ್ತೊಂಬತ್ತರ ಹುಡುಗ ಬಂದು ಸೇರಿದ. ಶಕುಂತಲೆಯ ಪಾತ್ರ ಅವನ ಪಾಲಿಗೆ ಬಂತು, ‘ಸೌಭದ್ರ’ದ ಸುಭದ್ರೆಯೂ ಅವನೇ. ಪ್ರಸ್ತಾವನೆ ಮುಗಿಯುತ್ತಲೇ ಹಾಡುತ್ತ ಬರುವ ನಾರದ ನಾಟೇಕರರು. ಸೂತ್ರಧಾರ ಹೋದ ಜಾಗಕ್ಕೆ ಮೊದಲು ಬರುವವನು ಗಾಯಕನೇ ಆಗಿರಬೇಕು, ಅದೂ ಕಂಪನಿಯ ಪಳಗಿದ ಗಾಯಕ. ಯಾರ ಗಂಟಲು ಎಷ್ಟು ಎತ್ತರ ಮುಟ್ಟುತ್ತದೆ, ಯಾರಿಗೆ ಉಸಿರು ನಿಲ್ಲುತ್ತದೆ ಎಂದು ದಿನವೂ ತಾಲೀಮಿನಲ್ಲಿ ಕೂತು ಕೇಳಿದವರಷ್ಟೇ ಪಾತ್ರಪ್ರವೇಶವನ್ನು ಹೀಗೆ ಹೂಡಬಲ್ಲರು.

ಈ ಕಥೆಗೆ ಕನ್ನಡದ ಕಡೆಯಿಂದ ಒಂದು ನೋವಿನ ಮಗ್ಗುಲಿದೆ. ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಬಿಡಾರ ಹೂಡಿ ಆಡುತ್ತಿದ್ದಾಗ ಕನ್ನಡಿಗರೇ ಅವಕ್ಕೆ ಮುಗಿಬೀಳುತ್ತಿದ್ದರು. ಅದನ್ನು ಕಂಡು ಸಂಕಟಪಟ್ಟು ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲೇ ಗದಗಿನಲ್ಲಿ ವೀರನಾರಾಯಣಪ್ರಸಾದಿತ ಕೃತಪುರ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ ಆಡಿಸಿದರು. ಕಿರ್ಲೋಸ್ಕರರ ನಾಟಕಗಳು ಬಂದ ಮೇಲೆ ಆ ಒತ್ತಡ ಇನ್ನೂ ಹೆಚ್ಚಿತು. ಕರ್ಕಿಯಿಂದ ಸಾಂಗ್ಲಿಗೆ ಹೋದದ್ದು, ಗುರ್ಲಹೊಸೂರಿನಿಂದ ಪುಣೆಗೆ ಹೋದದ್ದು, ನಲವತ್ತು ವರ್ಷಗಳಲ್ಲಿ ಬೇರೆ ನುಡಿಯುಟ್ಟು ಇಲ್ಲಿಗೇ ಮರಳಿತು. ಮುಂದೆ ಉತ್ತರ ಕರ್ನಾಟಕದ ಕನ್ನಡ ಕಂಪನಿಗಳು ಮರಾಠಿ ರಂಗಪದಗಳ ಮಟ್ಟಿಗೆ ಕನ್ನಡ ಪದ ಹೊಂದಿಸಿ ಹಾಡಿದಾಗ, ಅವುಗಳಲ್ಲಿ ಕೆಲವು ಮಟ್ಟುಗಳು ತವರಿಗೆ ಬಂದಂತೆಯೇ ಆಯಿತು.

1884ರಲ್ಲಿ ‘ರಾಮರಾಜ್ಯವಿಯೋಗ’ದ ಮೊದಲ ಮೂರು ಅಂಕಗಳು ರಂಗಕ್ಕೆ ಬಂದವು. ಉಳಿದದ್ದನ್ನು ಬರೆಯಲು ಆಯುಷ್ಯ ಸಾಲಲಿಲ್ಲ. ಕಿರ್ಲೋಸ್ಕರರ ಕೈಕೆಳಗೆ ಪಳಗಿದ ಗೋವಿಂದ ಬಲ್ಲಾಳ ದೇವಲರು 1899ರಲ್ಲಿ ‘ಶಾರದಾ’ ಬರೆದು, ಪುರಾಣದ ಪಾತ್ರಗಳ ಬಾಯಲ್ಲಿದ್ದ ಹಾಡನ್ನು ಮುದುಕನಿಗೆ ಮಾರಾಟಕ್ಕಿಟ್ಟ ಬಡ ಹುಡುಗಿಯೊಬ್ಬಳ ಬಾಯಿಗೆ ತಂದರು. ಕಿರ್ಲೋಸ್ಕರ ಕಂಪನಿ ಊರಿಂದೂರಿಗೆ ತಿರುಗುತ್ತಲೇ ಇತ್ತು. 1905ರಲ್ಲಿ ಮೀರಜದಲ್ಲಿ ನಾರಾಯಣ ಶ್ರೀಪಾದ ರಾಜಹಂಸ ಎಂಬ ಹದಿನೇಳರ ತರುಣ ಮೊದಲ ಬಾರಿಗೆ ಶಕುಂತಲೆಯಾಗಿ ಬಣ್ಣ ಹಚ್ಚಿದ. ಮುಂದೆ ಬಾಲಗಂಧರ್ವರೆಂದು ಹೆಸರಾದವರು ಅವರೇ. ಅವರ ಪ್ರವೇಶಕ್ಕೆ ಮುಂಚೆ ಸೂತ್ರಧಾರ ಬಂದು ಅಣ್ಣಾಸಾಹೇಬರ ಅದೇ ನಾಂದಿ ಹಾಡಿ ಒಳಗೆ ಹೋಗಬೇಕಿತ್ತು.