ನಲವತ್ತು ದಾಟಿದ ಹೃದಯ ಓಡಬಹುದಾ?

ನಿಮ್ಮ ಅಪ್ಪನಿಗೋ ಅಮ್ಮನಿಗೋ ಈಗ ನಲವತ್ತೆಂಟು ವರ್ಷ ಅಂತ ಇಟ್ಕೊಳ್ಳಿ. ಒಂದು ದಿನ ಬೆಳಿಗ್ಗೆ ಐದಕ್ಕೇ ಎದ್ದು, ಹೊಸ ಶೂ ಹಾಕ್ಕೊಂಡು, ‘ಮುಂದಿನ ವರ್ಷ ಫುಲ್ ಮ್ಯಾರಥಾನ್ ಓಡ್ತೀನಿ’ ಅಂತಾರೆ. ಮನೆಯಲ್ಲಿ ಮೊದಲು ಬರೋ ಮಾತು ಯಾವುದು? ‘ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಹಾರ್ಟಿಗೆ ಏನಾದ್ರೂ ಆದ್ರೆ?’

ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಇದೆ. ಇವತ್ತಿನ ಸಂಚಿಕೆಯಲ್ಲಿ ಹೇಳೋಕೆ ಹೊರಟಿರೋದು ಅದನ್ನೇ. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಮನೆಯವರ ಆ ಭಯ ಪೂರ್ತಿ ಸುಳ್ಳೂ ಅಲ್ಲ.

1911, ಅಮೆರಿಕದ ಬಾಸ್ಟನ್. ಆ ಕಾಲದಲ್ಲಿ ಮ್ಯಾರಥಾನ್ ಶುರುವಾಗೋ ಮೊದಲು ವೈದ್ಯರು ಓಟಗಾರರ ಎದೆಗೆ ಸ್ಟೆತಸ್ಕೋಪ್ ಇಟ್ಟು ಪರೀಕ್ಷೆ ಮಾಡ್ತಿದ್ದರು. ಕ್ಲಾರೆನ್ಸ್ ಡಿಮಾರ್ ಅನ್ನೋ 22 ವರ್ಷದ ಯುವಕನ ಎದೆಬಡಿತದಲ್ಲಿ ಏನೋ ಅಪಸ್ವರ ಕೇಳಿಸಿತು. ಸುಸ್ತಾದರೆ ಅಲ್ಲೇ ನಿಲ್ಲಿಸಿಬಿಡು, ಇನ್ನು ಮುಂದೆ ಓಟದ ಸಹವಾಸವೇ ಬೇಡ ಅನ್ನೋ ಅರ್ಥದಲ್ಲಿ ವೈದ್ಯರು ಎಚ್ಚರಿಕೆ ಕೊಟ್ಟರು. ಡಿಮಾರ್ ನಿಲ್ಲಿಸಲಿಲ್ಲ, ಕೋರ್ಸ್ ದಾಖಲೆ ಮಾಡಿ ಗೆದ್ದರು. ಆದರೆ ಅದಾದ ಮೇಲೆ ಕೆಲವು ವರ್ಷ ಬಾಸ್ಟನ್ ಕಡೆ ತಲೆ ಹಾಕಲಿಲ್ಲ. ವೈದ್ಯರ ಮಾತು ಮನಸ್ಸಿನಲ್ಲಿ ಕೂತಿದ್ದೂ ಅದಕ್ಕೆ ಒಂದು ಕಾರಣ.

ಮತ್ತೆ ಗೆದ್ದಿದ್ದು 1922ರಲ್ಲಿ, 33ನೇ ವಯಸ್ಸಿಗೆ. ಆಮೇಲೆ 1923, 1924, 1927, 1928. ಏಳನೇ ಸಲ ಗೆದ್ದಿದ್ದು 1930ರಲ್ಲಿ. ಆಗ ಅವರಿಗೆ 41 ವರ್ಷ! ವೃತ್ತಿಯಿಂದ ಅವರು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವವರು. ಕೆಲಸಕ್ಕೆ ಓಡಿಕೊಂಡೇ ಹೋಗಿ, ಓಡಿಕೊಂಡೇ ಮನೆಗೆ ಬರ್ತಿದ್ದರು. 65ನೇ ವಯಸ್ಸಿನಲ್ಲೂ ಬಾಸ್ಟನ್ ಓಡಿದರು.

1958ರಲ್ಲಿ ಅವರು ತೀರಿಕೊಂಡಿದ್ದು ಕ್ಯಾನ್ಸರ್‌ನಿಂದ, ಹೃದಯದ ತೊಂದರೆಯಿಂದ ಅಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಆ ‘ದುರ್ಬಲ’ ಹೃದಯವನ್ನು ನೋಡಿದರೆ, ಅದಕ್ಕೆ ರಕ್ತ ಒಯ್ಯುವ ಕರೊನರಿ ನಾಳಗಳು ಮಾಮೂಲಿಗಿಂತ ಎರಡು ಮೂರು ಪಟ್ಟು ಅಗಲ ಇದ್ದವು. ಈ ವರದಿ 1961ರಲ್ಲಿ ಪ್ರಕಟವಾಯಿತು. ಬರೆದವರಲ್ಲಿ ಒಬ್ಬರು ಪಾಲ್ ಡಡ್ಲಿ ವೈಟ್, ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತ ಆದಾಗ ಚಿಕಿತ್ಸೆ ಕೊಟ್ಟ ತಜ್ಞರು. ಓಡಿದ್ದಕ್ಕೇ ನಾಳ ಅಗಲ ಆಯ್ತಾ, ಅಥವಾ ಹುಟ್ಟುವಾಗಲೇ ಅಗಲ ಇದ್ದಿದ್ದರಿಂದ ಅಷ್ಟು ಓಡೋಕಾಯ್ತಾ? ಒಂದೇ ಹೃದಯ ನೋಡಿ ಅದನ್ನು ಹೇಳೋಕೆ ಆಗಲ್ಲ. ಆದರೆ ಓಡಿದರೆ ಹೃದಯ ಸವೆದುಹೋಗುತ್ತೆ ಅನ್ನೋ ನಂಬಿಕೆಗೆ ಅದು ದೊಡ್ಡ ಪೆಟ್ಟು.

ಸರಿ, ಡಿಮಾರ್ ಅಸಾಮಾನ್ಯರು. ಹೊಟ್ಟೆ ಬಂದಿರೋ, ಕುರ್ಚಿಗೆ ಅಂಟಿಕೊಂಡಿರೋ ಮಧ್ಯವಯಸ್ಕರ ಕಥೆ ಏನು? ಅದಕ್ಕೆ ನಾವು ನ್ಯೂಜಿಲೆಂಡ್‌ನ ಆಕ್ಲೆಂಡ್‌ಗೆ ಹೋಗಬೇಕು.

ಅಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬರಿದ್ದರು. ಶೂ ಕಾರ್ಖಾನೆಯಲ್ಲಿ ದುಡಿದವರು, ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಕೋಚ್ ಆದವರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರಿ ಹಾಲ್ಬರ್ಗ್ ಒಂದೇ ದಿನ ಎರಡು ಚಿನ್ನ ಗೆದ್ದರು. ಇವೆಲ್ಲ ಕ್ರೀಡಾ ಪುಟದ ಸುದ್ದಿ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಆಮೇಲೆ ನಡೆದದ್ದು. ಅವರು ಊರಿನ ಸಾಮಾನ್ಯ ಜನರನ್ನು, ಹೃದ್ರೋಗಿಗಳನ್ನೂ ಸೇರಿಸಿ, ನಿಧಾನವಾಗಿ ಓಡಿಸೋಕೆ ಶುರು ಮಾಡಿದರು. ಹೃದಯಾಘಾತ ಆದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದ ಕಾಲ ಅದು ಅನ್ನೋದು ನೆನಪಿರಲಿ.

1962ರ ಕೊನೆಗೆ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಬಂದರು. ವಯಸ್ಸು 51. ಒಂದು ಭಾನುವಾರ ಲಿಡಿಯಾರ್ಡ್ ‘ಬನ್ನಿ, ನಮ್ಮವರ ಜೊತೆ ಓಡಿ’ ಅಂತ ಕರೆದರು. ಬೋವರ್‌ಮನ್ ಕೋಚ್ ಅಲ್ವಾ, ತಾನೂ ಫಿಟ್ ಅಂದುಕೊಂಡಿದ್ದರು. ಗುಡ್ಡದ ಏರು ಬರುತ್ತಿದ್ದ ಹಾಗೆ ಉಸಿರು ಮೇಲಕ್ಕೆ ಹತ್ತಿತು. ಗುಂಪು ಮುಂದೆ ಹೋಯಿತು. ಎಪ್ಪತ್ತು ದಾಟಿದ ಒಬ್ಬ ಅಜ್ಜ ಮಾತ್ರ ಪಾಪ ಅಂತ ಹಿಂದೆ ಉಳಿದು, ಮಾತಾಡಿಸ್ತಾ ಮಾತಾಡಿಸ್ತಾ ಇವರನ್ನು ಕರ್ಕೊಂಡು ಬಂದರು. ಆ ಅಜ್ಜನಿಗೆ ಆಗಲೇ ಮೂರು ಸಲ ಹೃದಯಾಘಾತ ಆಗಿತ್ತು!

ಆ ಅವಮಾನ ಬೋವರ್‌ಮನ್ ಮರೆಯಲಿಲ್ಲ. ಅಲ್ಲಿದ್ದ ವಾರಗಳಲ್ಲಿ ದಿನಾ ಓಡಿ ಸೊಂಟ ಸಣ್ಣ ಮಾಡಿಕೊಂಡರು. 1963ರಲ್ಲಿ ತಮ್ಮೂರು ಯುಜೀನ್‌ಗೆ ವಾಪಸಾಗಿ, ಬನ್ನಿ ನಿಧಾನಕ್ಕೆ ಓಡೋಣ ಅಂತ ಊರವರನ್ನು ಕರೆದರು. ಮೊದಲು ಬೆರಳೆಣಿಕೆಯಷ್ಟು ಜನ, ಕೆಲವೇ ವಾರಗಳಲ್ಲಿ ಜಾತ್ರೆ. ಎಷ್ಟರಮಟ್ಟಿಗೆ ಅಂದ್ರೆ, ಯಾರಾದರೂ ಕುಸಿದು ಸತ್ತರೆ ಅನ್ನೋ ಭಯಕ್ಕೆ ಬೋವರ್‌ಮನ್ನೇ ಎಲ್ಲರನ್ನೂ ಮನೆಗೆ ಕಳಿಸಿದರು. ಆಮೇಲೆ ವಾಲ್ಡೊ ಹ್ಯಾರಿಸ್ ಎಂಬ ಹೃದ್ರೋಗ ತಜ್ಞರ ಜೊತೆ ಕೂತು, ನಡಿಗೆ ಎಷ್ಟು, ಓಟ ಎಷ್ಟು ಅಂತ ಕ್ರಮ ಹಾಕಿದರು. ಅದೇ 1967ರಲ್ಲಿ ‘ಜಾಗಿಂಗ್’ ಅನ್ನೋ ಪುಸ್ತಕ ಆಯಿತು. ಅಂದಹಾಗೆ, ಇದೇ ಬೋವರ್‌ಮನ್ 1964ರಲ್ಲಿ ತಮ್ಮ ಶಿಷ್ಯ ಫಿಲ್ ನೈಟ್ ಜೊತೆ ಶುರು ಮಾಡಿದ ಪುಟ್ಟ ಶೂ ವ್ಯಾಪಾರವೇ ಮುಂದೆ ನೈಕಿ ಆಗಿದ್ದು.

ಎಪ್ಪತ್ತರ ದಶಕಕ್ಕೆ ಬರೋ ಹೊತ್ತಿಗೆ ಗಾಳಿ ಪೂರ್ತಿ ಉಲ್ಟಾ ಬೀಸೋಕೆ ಶುರುವಾಯಿತು. ಮ್ಯಾರಥಾನ್ ಮುಗಿಸುವವರಿಗೆ ಹೃದ್ರೋಗದ ಸಾವು ಹತ್ತಿರ ಸುಳಿಯಲ್ಲ ಅಂತ ಕ್ಯಾಲಿಫೋರ್ನಿಯಾದ ವೈದ್ಯ ಥಾಮಸ್ ಬಾಸ್ಲರ್ ವಾದಿಸಿದರು. ಮೊದಲು ಓಡಿದರೆ ಸಾಯ್ತೀಯ ಅಂದರು, ಈಗ ಓಡಿದರೆ ಸಾಯೋದೇ ಇಲ್ಲ ಅನ್ನೋ ಹಾಗೆ! ಎರಡೂ ಅತಿಯೇ.

ಇಲ್ಲಿ ಬರ್ತಾರೆ ಜಿಮ್ ಫಿಕ್ಸ್. ಅವರ ತಂದೆಗೆ 35ಕ್ಕೆ ಹೃದಯಾಘಾತ, 43ಕ್ಕೆ ಸಾವು. ಮಗನಿಗೂ 35 ಆದಾಗ ವಿಪರೀತ ತೂಕ, ಜೊತೆಗೆ ದಿನಕ್ಕೆ ಎರಡು ಪ್ಯಾಕ್ ಸಿಗರೇಟು. ಆಗ ಓಡೋಕೆ ಶುರು ಮಾಡಿ, ಸಿಗರೇಟು ಬಿಟ್ಟರು, ತೂಕ ಇಳಿಸಿದರು. 1977ರಲ್ಲಿ ಓಟದ ಬಗ್ಗೆ ಅವರು ಬರೆದ ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಲಕ್ಷಾಂತರ ಅಪ್ಪ ಅಮ್ಮಂದಿರು ಅದನ್ನು ಓದಿ ರಸ್ತೆಗಿಳಿದರು.

1984ರ ಜುಲೈ 20, ವರ್ಮಾಂಟ್ ರಾಜ್ಯದ ಒಂದು ರಸ್ತೆ ಬದಿಯಲ್ಲಿ, ಓಡಲು ಹೋಗಿದ್ದ ಫಿಕ್ಸ್ ಹೃದಯಾಘಾತದಿಂದ ಸತ್ತು ಬಿದ್ದಿದ್ದರು. ವಯಸ್ಸು 52. ಮರಣೋತ್ತರ ಪರೀಕ್ಷೆಯಲ್ಲಿ ಕಂಡಿದ್ದು, ಒಂದು ನಾಳ ಶೇ 95ರಷ್ಟು ಬಂದ್.

‘ನೋಡಿದ್ರಾ, ನಾವು ಹೇಳಲಿಲ್ವಾ’ ಅಂದವರು ಎಷ್ಟು ಜನವೋ. ಆದರೆ ಸ್ವಲ್ಪ ಲೆಕ್ಕ ಹಾಕಿ. ಫಿಕ್ಸ್ ತಮ್ಮ ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದರು. ಇನ್ನೊಂದು ವಿಷಯ, ಸಾಯುವ ಕೆಲವೇ ತಿಂಗಳ ಮುಂಚೆ ಅವರು ಡಾ. ಕೆನೆತ್ ಕೂಪರ್ ಅವರ ಕ್ಲಿನಿಕ್‌ಗೆ ಹೋಗಿದ್ದರು. ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡುವ ಪರೀಕ್ಷೆ, ನಮ್ಮಲ್ಲಿ ಟಿಎಂಟಿ ಅಂತೀವಲ್ಲ, ಅದನ್ನು ಮಾಡಿಸಿಕೊಳ್ಳಿ ಅಂದರೆ ಬೇಡ ಅಂದುಬಿಟ್ಟರು. ದಿನಾ ಓಡುವ ನನಗೇನಾಗುತ್ತೆ ಅನ್ನೋ ಧೈರ್ಯ ಇರಬಹುದು. ಅಪ್ಪನ ಹೃದ್ರೋಗ ಮಗನ ಬೆನ್ನು ಬಿಟ್ಟಿರಲಿಲ್ಲ, ಓಟ ಅದನ್ನು ಮುಂದಕ್ಕೆ ತಳ್ಳಿರಬಹುದು, ಅಳಿಸಿ ಹಾಕಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಓಡೋಕೆ ಹೊರಟರೆ ಜಗಳ ಮಾಡೋ ಬದಲು ಆ ಪರೀಕ್ಷೆಗೆ ಜೊತೆಯಲ್ಲಿ ಹೋಗಿ ಬನ್ನಿ.

ಫಿಕ್ಸ್ ಸತ್ತು 16 ದಿನಕ್ಕೆ, ಆಗಸ್ಟ್ 5ರಂದು, ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್‌ನ ಮೊಟ್ಟಮೊದಲ ಮಹಿಳಾ ಮ್ಯಾರಥಾನ್ ನಡೆಯಿತು. ಗೆದ್ದವರು ಜೋನ್ ಬೆನೊಯ್ಟ್. ಅದೇ ಓಟದಲ್ಲಿ ಆರನೆಯವರಾಗಿ ಬಂದ ಬ್ರಿಟನ್ನಿನ ಪ್ರಿಸಿಲ್ಲಾ ವೆಲ್ಚ್‌ಗೆ 39 ವರ್ಷ. ಸೇನೆಯಲ್ಲಿದ್ದವರು, ಒಂದು ಕಾಲದಲ್ಲಿ ದಿನಾ ಸಿಗರೇಟು ಸೇದುತ್ತಿದ್ದವರು. ಓಟ ಹಿಡಿದಿದ್ದೇ 35ರ ಆಸುಪಾಸಿನಲ್ಲಿ. ಮೂರು ವರ್ಷದ ನಂತರ, 1987ರ ನವೆಂಬರ್ 1ರಂದು, ಅವರು ನ್ಯೂಯಾರ್ಕ್ ಮ್ಯಾರಥಾನನ್ನು ಗೆದ್ದರು. ಆಗ ಅವರಿಗೆ 43 ತುಂಬೋಕೆ ಮೂರು ವಾರ ಬಾಕಿ ಇತ್ತು.