ಅವಳಿ ಎಂಜಿನ್ ದೋಣಿಗಳಲ್ಲಿ ಪ್ರೊಪೆಲ್ಲರ್ ಹಾಗೂ ಚಾಲನಾ ವ್ಯವಸ್ಥೆಯ ಜಾರುವಿಕೆ: ಪತ್ತೆ ಹಚ್ಚುವ ಕ್ರಮ

ಪೀಠಿಕೆ

ಹೊಸಪೇಟೆ ಬಳಿ ತುಂಗಭದ್ರಾ ನದಿಗೆ ಅಡ್ಡಲಾಗಿ ಕಟ್ಟಲಾದ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಅಣೆಕಟ್ಟಿನ ಕೆಳಭಾಗದಲ್ಲಿ ನದಿಯು ಹಂಪಿ, ಆನೆಗೊಂದಿ ಹಾಗೂ ಕಂಪ್ಲಿಯ ಮಾರ್ಗವಾಗಿ ಬಂಡೆಗಳ ನಡುವೆ ಹರಿಯುತ್ತದೆ. ಇಲ್ಲಿ ಹಿಂದಿನಿಂದಲೂ ಹರಿಗೋಲು ಬಳಕೆಯಲ್ಲಿದ್ದು, ಪ್ರವಾಹ ಕಾಲದಲ್ಲಿ ರಕ್ಷಣಾ ಕಾರ್ಯಕ್ಕೆ ಯಂತ್ರಚಾಲಿತ ದೋಣಿಗಳು ಅನಿವಾರ್ಯವಾಗಿವೆ. ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿದ ನಿದರ್ಶನಗಳಿವೆ. 2019ರ ಆಗಸ್ಟ್ ತಿಂಗಳಿನಲ್ಲಿ ವಿರೂಪಾಪುರಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ದೋಣಿ ಹಾಗೂ ಹೆಲಿಕಾಪ್ಟರ್‌ಗಳ ನೆರವಿನಿಂದ ಹೊರತರಬೇಕಾಯಿತು.

ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದು ದಡ ಸೇರಿಸಲಿ ಎಂಬುದೇ ಅವಳಿ ಎಂಜಿನ್ ಅಳವಡಿಕೆಯ ಉದ್ದೇಶ. ಆದರೆ ಜಾರುವಿಕೆಯ ದೋಷವುಳ್ಳ ಎಂಜಿನ್ ನಿಲ್ಲುವುದಿಲ್ಲ. ಸದ್ದು ಮಾಡುತ್ತದೆ, ನೀರನ್ನು ಮಾತ್ರ ತಳ್ಳುವುದಿಲ್ಲ. ಇದರಿಂದ ಚಾಲಕನಿಗೆ ದೋಷವು ಸೆಳವಿನ ನಡುವೆಯೇ ತಿಳಿಯುವ ಅಪಾಯವಿದೆ. ಆದ್ದರಿಂದ ಮಳೆಗಾಲಕ್ಕೆ ಮುನ್ನವೇ ಪರೀಕ್ಷೆ ನಡೆಸುವುದು ಅವಶ್ಯಕ.

ಜಾರುವಿಕೆ ಎಂದರೇನು?

ಪ್ರೊಪೆಲ್ಲರ್ ಒಂದು ಸುತ್ತಿಗೆ ಸೈದ್ಧಾಂತಿಕವಾಗಿ ಮುಂದೆ ಸಾಗಬೇಕಾದ ದೂರಕ್ಕೆ ಪಿಚ್ ಎನ್ನುತ್ತಾರೆ. ನೀರು ಗಟ್ಟಿ ವಸ್ತುವಲ್ಲವಾದ್ದರಿಂದ ದೋಣಿ ಅಷ್ಟು ದೂರ ಸಾಗುವುದಿಲ್ಲ. ಈ ಕೊರತೆಯ ಶೇಕಡಾವಾರು ಪ್ರಮಾಣವೇ ಜಾರುವಿಕೆ. ವೇಗದ ದೋಣಿಗಳು ಪೂರ್ಣ ವೇಗದಲ್ಲಿ ಸಾಗುವಾಗ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಜಾರುವಿಕೆ ಇರುತ್ತದೆ; ಇದು ದೋಷವಲ್ಲ. ಭಾರ ಹೆಚ್ಚಿದಾಗ ಹಾಗೂ ವೇಗ ಕಡಿಮೆ ಇದ್ದಾಗ ಪ್ರಮಾಣ ಇನ್ನೂ ಹೆಚ್ಚುತ್ತದೆ.

ಲೆಕ್ಕ ಹಾಕುವ ವಿಧಾನ

ಎಂಜಿನ್‌ನ ನಿಮಿಷಕ್ಕೆ ಸುತ್ತುಗಳನ್ನು ಗೇರ್ ಅನುಪಾತದಿಂದ ಭಾಗಿಸಿ, ಮೀಟರ್‌ಗಳಲ್ಲಿನ ಪಿಚ್ ಹಾಗೂ 60ರಿಂದ ಗುಣಿಸಿದರೆ ಗಂಟೆಗೆ ಸಾಗಬೇಕಾದ ಮೀಟರ್‌ಗಳು ದೊರೆಯುತ್ತವೆ.

ಉದಾಹರಣೆ: ಗೇರ್ ಅನುಪಾತ 2, ಪಿಚ್ 17 ಅಂಗುಲ, ಅಂದರೆ 0.4318 ಮೀಟರ್ ಎಂದಿಟ್ಟುಕೊಳ್ಳೋಣ. ಎಡ ಎಂಜಿನ್ 5000 ಸುತ್ತು ತೋರಿದರೆ ಸೈದ್ಧಾಂತಿಕ ವೇಗ ಗಂಟೆಗೆ 64.8 ಕಿ.ಮೀ. ದೋಣಿಯ ನೈಜ ವೇಗ 55 ಕಿ.ಮೀ. ಇದ್ದಲ್ಲಿ ಜಾರುವಿಕೆ ಸುಮಾರು ಶೇ. 15. ಅದೇ ಹೊತ್ತಿನಲ್ಲಿ ಬಲ ಎಂಜಿನ್ 5600 ಸುತ್ತು ತೋರಿದರೆ ಸೈದ್ಧಾಂತಿಕ ವೇಗ 72.5 ಕಿ.ಮೀ. ಆಗಿ, ಜಾರುವಿಕೆ ಸುಮಾರು ಶೇ. 24 ಆಗುತ್ತದೆ. ಎರಡರ ನಡುವಿನ ಈ ಅಂತರವೇ ದೋಷದ ಮೊದಲ ಸೂಚನೆ. ದೋಷವಿರುವುದು ಪ್ರೊಪೆಲ್ಲರ್‌ನಲ್ಲೋ, ಗೇರ್ ವ್ಯವಸ್ಥೆಯಲ್ಲೋ ಎಂಬುದನ್ನು ಮಾತ್ರ ಈ ಲೆಕ್ಕ ತಿಳಿಸುವುದಿಲ್ಲ.

ಜಿಪಿಎಸ್ ಉಪಕರಣವು ನೆಲಕ್ಕೆ ಸಾಪೇಕ್ಷವಾದ ವೇಗವನ್ನು ತೋರಿಸುತ್ತದೆ. ಹರಿಯುವ ನದಿಯಲ್ಲಿ ಕೆಳಮುಖವಾಗಿ ಸಾಗುವಾಗ ಜಾರುವಿಕೆ ಕಡಿಮೆಯೆಂದೂ ಮೇಲ್ಮುಖವಾಗಿ ಸಾಗುವಾಗ ಹೆಚ್ಚೆಂದೂ ತಪ್ಪಾಗಿ ಕಾಣುತ್ತದೆ. ಆದ್ದರಿಂದ ಅನುಮತಿ ಇರುವ ನಿಂತ ನೀರಿನಲ್ಲಿ ಪರೀಕ್ಷಿಸುವುದು ಉತ್ತಮ. ನದಿಯಲ್ಲೇ ಪರೀಕ್ಷಿಸಬೇಕಾದಲ್ಲಿ ಒಂದೇ ಹಾದಿಯಲ್ಲಿ ಎರಡೂ ದಿಕ್ಕಿಗೆ ಸಾಗಿ ವೇಗಗಳ ಸರಾಸರಿ ತೆಗೆದುಕೊಳ್ಳತಕ್ಕದ್ದು.

ಪರೀಕ್ಷೆಯ ಹಂತಗಳು

1. ಮಾಪಕ ಪರಿಶೀಲನೆ: ಸುತ್ತು ತೋರಿಸುವ ಮಾಪಕವೇ ತಪ್ಪಿರಬಹುದು. ಎರಡೂ ಎಂಜಿನ್‌ಗಳನ್ನು ಒಂದೇ ಮಾಪಕದಿಂದ ಅಳೆಯಬೇಕು. ಥ್ರಾಟಲ್ ತಂತಿಗಳು ಸಮನಾಗಿ ತೆರೆಯುತ್ತಿವೆಯೇ ಎಂದು ನೋಡಬೇಕು.

2. ಸುತ್ತು ಹೆಚ್ಚೋ ಕಡಿಮೆಯೋ: ಒಂದು ಎಂಜಿನ್‌ನ ಸುತ್ತು ಇನ್ನೊಂದಕ್ಕಿಂತ ಕಡಿಮೆ ಇದ್ದಲ್ಲಿ ಅದು ಜಾರುವಿಕೆಯಲ್ಲ, ಇಂಧನ, ಕಿಡಿ ಅಥವಾ ಶಕ್ತಿಯ ಕೊರತೆ. ಸುತ್ತು ಏರಿ ವೇಗ ಏರದಿದ್ದರೆ ಮಾತ್ರ ಜಾರುವಿಕೆಯೆಂದು ಪರಿಗಣಿಸಬೇಕು.

3. ಕಣ್ಣಳತೆ: ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಪ್ರೊಪೆಲ್ಲರ್ ಪರಿಶೀಲಿಸಬೇಕು. ಬಂಡೆಗೆ ತಾಗಿ ಬಾಗಿದ ರೆಕ್ಕೆ, ಹೂಳು ಮರಳಿನಿಂದ ಸವೆದ ಅಂಚು, ಸುತ್ತಿಕೊಂಡ ಬಲೆ ಅಥವಾ ಅಂತರಗಂಗೆಯ ಬೇರು ಇವೆಲ್ಲವೂ ಕಾರಣವಾಗಬಲ್ಲವು. ಬಲೆಯ ನೂಲು ಪ್ರೊಪೆಲ್ಲರ್ ದಂಡದ ಸೀಲನ್ನು ಕತ್ತರಿಸಿ ಗೇರ್ ಎಣ್ಣೆಗೆ ನೀರು ಸೇರಿಸುತ್ತದೆ.

4. ಹಬ್ ಪರೀಕ್ಷೆ: ಹಲವು ಔಟ್‌ಬೋರ್ಡ್ ಪ್ರೊಪೆಲ್ಲರ್‌ಗಳ ನಡುವೆ ರಬ್ಬರ್ ಬುಷ್ ಇರುತ್ತದೆ. ಬಂಡೆಗೆ ಬಡಿದಾಗ ಗೇರ್ ಒಡೆಯದಂತೆ ಅದು ಆಘಾತವನ್ನು ಹೀರಿಕೊಳ್ಳುತ್ತದೆ. ಸಡಿಲಗೊಂಡ ನಂತರ ದಂಡ ತಿರುಗಿದರೂ ರೆಕ್ಕೆ ಹಿಂದೆ ಬೀಳುತ್ತದೆ. ಒಳಗಿನ ತೋಳು ಹಾಗೂ ಹೊರಗಿನ ಹಬ್ ಎರಡರ ಮೇಲೂ ಹಾಯುವಂತೆ ಬಣ್ಣದಿಂದ ಒಂದು ನೇರ ಗೆರೆ ಎಳೆದು, ದೋಣಿಯನ್ನು ಪೂರ್ಣ ಭಾರದಲ್ಲಿ ಓಡಿಸಿ ಮತ್ತೆ ನೋಡಬೇಕು. ಗೆರೆ ಎರಡು ತುಂಡಾಗಿ ಸರಿದಿದ್ದರೆ ಬುಷ್ ಜಾರಿದೆ. ಕಡಿಮೆ ವೇಗದಲ್ಲಿ ಸರಿಯಾಗಿದ್ದು, ಭಾರ ಬಿದ್ದಾಗ ಮಾತ್ರ ಸುತ್ತು ಏರುವುದು ಇದರ ಲಕ್ಷಣ.

5. ಗಾಳಿ ಸೆಳೆತ: ಎಂಜಿನ್ ಅತಿ ಎತ್ತರದಲ್ಲಿ ಕೂತಿದ್ದರೆ ಪ್ರೊಪೆಲ್ಲರ್ ಮೇಲ್ಮೈಯ ಗಾಳಿಯನ್ನು ಸೆಳೆಯುತ್ತದೆ. ತಿರುವಿನಲ್ಲಿ ದೋಣಿ ಒಳಗೆ ವಾಲುವುದರಿಂದ ಹೊರಬದಿಯ ಎಂಜಿನ್ ಮೇಲೇಳುತ್ತದೆ. ದೋಷ ತಿರುವಿನಲ್ಲಷ್ಟೇ ಕಾಣಿಸಿ, ನೇರ ಓಟದಲ್ಲಿ ಮಾಯವಾದರೆ ಇದನ್ನೇ ಶಂಕಿಸಬೇಕು.

6. ಅದಲುಬದಲು ಪರೀಕ್ಷೆ: ಎರಡೂ ಪ್ರೊಪೆಲ್ಲರ್‌ಗಳು ಒಂದೇ ದಿಕ್ಕಿಗೆ ತಿರುಗುವ, ಒಂದೇ ಅಳತೆಯವಾಗಿದ್ದಲ್ಲಿ ಅವುಗಳನ್ನು ಪರಸ್ಪರ ಬದಲಾಯಿಸಬೇಕು. ದೋಷ ಪ್ರೊಪೆಲ್ಲರ್ ಜೊತೆ ಸಾಗಿದರೆ ದೋಷ ಅದರದೇ. ಅದೇ ಬದಿಯಲ್ಲಿ ಉಳಿದರೆ ಚಾಲನಾ ವ್ಯವಸ್ಥೆಯನ್ನೂ ಎಂಜಿನ್ ಎತ್ತರವನ್ನೂ ಪರೀಕ್ಷಿಸಬೇಕು. ವಿರುದ್ಧ ದಿಕ್ಕಿಗೆ ತಿರುಗುವ ಜೋಡಿಯಲ್ಲಿ ಬದಲಾಯಿಸುವಂತಿಲ್ಲ. ಆಯಾ ದಿಕ್ಕಿನ ಹೆಚ್ಚುವರಿ ಪ್ರೊಪೆಲ್ಲರ್ ಬಳಸಬೇಕು.

7. ಗೇರ್ ವ್ಯವಸ್ಥೆ: ಭಾರ ಬಿದ್ದಾಗ ಕಟಕಟ ಸದ್ದಿನೊಂದಿಗೆ ಗೇರ್ ಹಾರಿದರೆ ಕ್ಲಚ್ ಹಲ್ಲು ಸವೆದಿರಬಹುದು ಅಥವಾ ಗೇರ್ ತಂತಿಯ ಹೊಂದಾಣಿಕೆ ತಪ್ಪಿರಬಹುದು. ಎಣ್ಣೆಯ ಒತ್ತಡದಿಂದ ನಡೆಯುವ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ಸುಟ್ಟ ವಾಸನೆ ಹಾಗೂ ಅತಿ ಬಿಸಿ ಕ್ಲಚ್ ಫಲಕದ ಜಾರುವಿಕೆಯ ಲಕ್ಷಣಗಳು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಲೋಹದ ಚೂರು ಕಂಡರೆ ದೋಣಿಯನ್ನು ಬಳಸಕೂಡದು.

ದಾಖಲೆ ನಿರ್ವಹಣೆ

ಪ್ರತಿ ದೋಣಿಗೂ ಒಂದು ವಹಿಯನ್ನಿಟ್ಟು ದಿನಾಂಕ, ಜನರ ಸಂಖ್ಯೆ, ಎಡ ಹಾಗೂ ಬಲ ಎಂಜಿನ್‌ನ ಸುತ್ತು, ವೇಗ, ಜಾರುವಿಕೆಯ ಶೇಕಡಾವಾರು ಮತ್ತು ಬಳಸಿದ ಇಂಧನವನ್ನು ನಮೂದಿಸುವುದು ಸೂಕ್ತ. ಒಂದು ದಿನದ ಅಂಕಿಗಿಂತ ತಿಂಗಳಿಂದ ತಿಂಗಳಿಗೆ ಆಗುವ ಏರಿಕೆ ಹೆಚ್ಚು ತಿಳಿಸುತ್ತದೆ. ಹೆಚ್ಚುವರಿ ಜಾರುವಿಕೆಯು ಇಂಧನ ವೆಚ್ಚವಾಗಿಯೂ ಕಾಣಿಸಿಕೊಳ್ಳುತ್ತದೆ.

ಮುನ್ನೆಚ್ಚರಿಕೆಗಳು

• ಪರೀಕ್ಷೆಯ ವೇಳೆ ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸತಕ್ಕದ್ದು. ಚಾಲಕನು ತುರ್ತು ನಿಲುಗಡೆ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳತಕ್ಕದ್ದು.
• ಅಣೆಕಟ್ಟಿನ ಗೇಟುಗಳ ಸಮೀಪ ಹಾಗೂ ನದಿಗೆ ನೀರು ಬಿಡುವ ಎಚ್ಚರಿಕೆ ಇರುವಾಗ ಪರೀಕ್ಷೆ ನಡೆಸಕೂಡದು.
• ನೀರಿನ ನಡುವೆ ಜಾರುವಿಕೆ ಕಂಡಲ್ಲಿ ಥ್ರಾಟಲ್ ಇಳಿಸಬೇಕು. ಜಾರಿದ ಬುಷ್ ಕಡಿಮೆ ಸುತ್ತಿನಲ್ಲಿ ಹಲವು ವೇಳೆ ಹಿಡಿತ ಕೊಡುತ್ತದೆ. ಸರಿಯಿರುವ ಎಂಜಿನ್‌ನ ಬಲದಿಂದ ಹತ್ತಿರದ ದಡ ಸೇರಬೇಕು.
• ಹೆಚ್ಚುವರಿ ಪ್ರೊಪೆಲ್ಲರ್, ನಟ್, ಪಿನ್ ಹಾಗೂ ಪಾನಾ ದೋಣಿಯಲ್ಲೇ ಇರಬೇಕು.

1917ರ ಕಾಯ್ದೆಯ ಬದಲಾಗಿ ಜಾರಿಗೆ ಬಂದ ಒಳನಾಡು ಜಲಯಾನಗಳ ಅಧಿನಿಯಮ, 2021 ಯಂತ್ರಚಾಲಿತ ದೋಣಿಗಳ ನೋಂದಣಿ ಮತ್ತು ತಪಾಸಣೆಯ ಬಗ್ಗೆ ಉಪಬಂಧಗಳನ್ನು ಹೊಂದಿದೆ. ಮೇಲಿನ ಪರೀಕ್ಷೆಗಳು ಆ ತಪಾಸಣೆಗೆ ಪರ್ಯಾಯವಲ್ಲ. ದೋಣಿ ಮಾಲೀಕರು ಹಾಗೂ ಚಾಲಕರು ಪ್ರತಿ ವರ್ಷ ಮುಂಗಾರಿಗೆ ಮುನ್ನ ಎರಡೂ ಎಂಜಿನ್‌ಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ದೋಷ ಸರಿಪಡಿಸಿದ ನಂತರವೇ ದೋಣಿಯನ್ನು ನೀರಿಗಿಳಿಸತಕ್ಕದ್ದು.